ಭಾನುವಾರ ಡಾರ್ವಿನ್ ಎಣ್ಣೆ ಸುರಂಗ ಭೇಟಿ: ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ.

ಮಕ್ಕಳ ಕನ್ನಡ ತರಗತಿಯವರೂ ಪೋಷಕರೂ ಈ ಭಾನುವಾರ ಬೆಳಿಗ್ಗೆ 10ಕ್ಕೆ ವಾಟರ್‌ಫ್ರಂಟ್ ಬಳಿಯ ಕಿಚನರ್ ಡ್ರೈವ್‌ನಲ್ಲಿ, ಸುರಂಗದ ಬಾಗಿಲ ಮುಂದೆ ಸೇರೋಣ. ಅಂದು ತರಗತಿ ಇರುವುದಿಲ್ಲ.

ಹೋಗುವ ಮುನ್ನ ಮಕ್ಕಳಿಗೆ ಇಷ್ಟು ಹೇಳಿಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಫೆಬ್ರವರಿ 19ರಂದು, ಜಪಾನಿನ ವಿಮಾನಗಳು ಆಸ್ಟ್ರೇಲಿಯಾದ ನಮ್ಮ ಈ ಡಾರ್ವಿನ್ ಊರಿನ ಮೇಲೆ ಬಾಂಬು ಹಾಕಿದವು. ಆಗ ನೌಕಾಪಡೆಯ ಇಂಧನ ಸ್ಟೋಕ್ಸ್ ಹಿಲ್ ಬಳಿ ನೆಲದ ಮೇಲಿನ ಟ್ಯಾಂಕುಗಳಲ್ಲಿತ್ತು. ಆಕಾಶದಿಂದ ಸುಲಭವಾಗಿ ಕಾಣುವ ಗುರಿ ಅದು. ದಾಳಿಗಳಲ್ಲಿ ಅವುಗಳಿಗೂ ಪೆಟ್ಟು ಬಿತ್ತು. ಅದಕ್ಕೇ ಊರಿನ ಅಡಿಯಲ್ಲೇ ಬಂಡೆ ಕೊರೆದು, ಒಳಗೆ ಉಕ್ಕಿನ ಹೊದಿಕೆ ಹಾಕಿ ಎಣ್ಣೆ ಬಚ್ಚಿಡಲು ಹೊರಟರು. ಇಲ್ಲಿಯ ಮಳೆ ನಿಮಗೆ ಗೊತ್ತೇ ಇದೆ. ನೀರು ಜಿನುಗುವುದನ್ನು ತಡೆಯಲು ಹೆಣಗಾಡಿದರು, ಅಷ್ಟರಲ್ಲಿ ಯುದ್ಧವೇ ಮುಗಿಯಿತು. ಆ ಯುದ್ಧಕ್ಕೆ ಈ ಸುರಂಗಗಳಿಂದ ಒಂದು ಹನಿ ಎಣ್ಣೆಯೂ ಹೋಗಲಿಲ್ಲ. ನನಗೆ ಮನಸ್ಸು ತಟ್ಟುವುದು ಕೈಯಾರೆ ದುಡಿದವರ ಆ ಶ್ರಮ. ಗೋಡೆ ಮುಟ್ಟಿ ನೋಡಿದರೆ ಅರಿವಾಗುತ್ತದೆ.

ನಾವು ಒಳಹೋಗುವ 5ನೇ ಸುರಂಗದ ಉದ್ದ 171 ಮೀಟರ್. ಒಳಗೆ ಸೆಕೆ, ನೆಲ ಒದ್ದೆ, ಹಾಗಾಗಿ ಜಾರದ ಶೂ ಹಾಕಿಸಿ, ನೀರಿನ ಬಾಟಲಿ ಕೊಡಿ. ಚಿಕ್ಕ ಮಕ್ಕಳ ಕೈ ಬಿಡಬೇಡಿ. ಉಸಿರಾಟದ ತೊಂದರೆ ಇರುವ ಹಿರಿಯರು ಮೊದಲೇ ನನಗೆ ತಿಳಿಸಿ, ಹೊರಗೆ ಜೊತೆಗಿರಲು ಒಬ್ಬರನ್ನು ಗೊತ್ತು ಮಾಡುತ್ತೇನೆ. ಟಿಕೆಟ್ ಅವರವರದೇ.

ಎಷ್ಟು ಜನ ಬರುತ್ತೀರಿ, ಕಾರಿನಲ್ಲಿ ಜಾಗ ಇದೆಯೇ ಎಂದು ಗುರುವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ.