ಲೇಸು ಕಟ್ಟಲು ಕಲಿಸಿದ ಮೇಷ್ಟರು

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ಮೊದಲ ವಾರವೆಲ್ಲ ಮಕ್ಕಳ ಶೂ ಲೇಸು ಬಿಗಿಯುವುದರಲ್ಲೇ ಕಳೆಯಿತು, ಕೋಚ್ ಆಗಿ ಬಂದದ್ದು ಇದಕ್ಕೇನಾ ಎಂದು ಫೋನಿನಲ್ಲಿ ಬೇಸರಪಟ್ಟುಕೊಂಡೆಯಲ್ಲ, ಆಗಿನಿಂದ ನನಗೆ ಇಂಗ್ಲೆಂಡಿನ ಹಳೆಯ ಫುಟ್‌ಬಾಲ್ ಕೋಚ್ ಫ್ರೆಡ್ ಪೆಂಟ್‌ಲ್ಯಾಂಡ್ ನೆನಪಾಗುತ್ತಿದ್ದಾರೆ.

1922ರಲ್ಲಿ ಅವರು ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊ ತಂಡಕ್ಕೆ ಬಂದಾಗ ಆಟಗಾರರಿಗೆ ಕಲಿಸಿದ ಮೊದಲ ಪಾಠ ಬೂಟಿನ ಲೇಸು ಕಟ್ಟುವುದು ಎಂದು ಇಂದಿಗೂ ಹೇಳುತ್ತಾರೆ. ಎದುರಿಗಿದ್ದವರು ಎಳೆಯ ಮಕ್ಕಳಲ್ಲ, ಮೀಸೆ ಬಂದ ಗಂಡಸರು! ಕಲಿಸುತ್ತಿದ್ದವರು 1909ರಲ್ಲಿ ಇಂಗ್ಲೆಂಡ್ ಪರ ಐದು ಪಂದ್ಯ ಆಡಿದವರು.

ಅಲ್ಲಿಗೆ ಬರುವ ಮುಂಚೆ ಅವರು ಪಟ್ಟ ಪಾಡು ಕೇಳು. ಜರ್ಮನಿಯ ಒಲಿಂಪಿಕ್ ತಂಡವನ್ನು ಸಜ್ಜುಗೊಳಿಸಲು 1914ರಲ್ಲಿ ಬರ್ಲಿನ್‌ಗೆ ಹೋದರು. ಅಷ್ಟರಲ್ಲಿ ಯುದ್ಧ ಹೊತ್ತಿಕೊಂಡಿತು. ಕಲಿಸಲು ಹೋದವರು ಶತ್ರುದೇಶದವರಾಗಿ ರೂಲೆಬೆನ್ ಶಿಬಿರದಲ್ಲಿ ಬಂಧಿಯಾದರು. ಅದು ಕುದುರೆ ಓಡಿಸುವ ಮೈದಾನ. ಕುದುರೆ ಲಾಯಗಳಲ್ಲೇ ಮನುಷ್ಯರು ಮಲಗಬೇಕಿತ್ತು. ಇಂಗ್ಲೆಂಡಿನ ಹೆಸರಾಂತ ಗೋಲುಗಾರ ಸ್ಟೀವ್ ಬ್ಲೂಮರ್ ಕೂಡ ಅಲ್ಲೇ ಇದ್ದರು. ಬಂಧಿಗಳೆಲ್ಲ ಸೇರಿ ಆ ಬೇಲಿಯೊಳಗೇ ಫುಟ್‌ಬಾಲ್ ಪಂದ್ಯಾವಳಿ ನಡೆಸಿದರು. ಅದನ್ನು ಓದಿದ ದಿನ ನಾನು ತುಂಬ ಹೊತ್ತು ಪುಸ್ತಕ ಮುಚ್ಚಿ ಕುಳಿತಿದ್ದೆ.

ಬಿಲ್ಬಾವೊದಲ್ಲಿ ಅವರು ಹೇಳಿಕೊಟ್ಟದ್ದು ಚೆಂಡನ್ನು ದೂರಕ್ಕೆ ಒದ್ದು ಬೆನ್ನಟ್ಟುವ ಆಟವನ್ನಲ್ಲ, ಸಣ್ಣ ಸಣ್ಣ ಪಾಸ್‌ಗಳ ಆಟವನ್ನು. ನಡುವೆ ಬೇರೆ ತಂಡಗಳಿಗೂ ಹೋಗಿ, 1929ರಲ್ಲಿ ಮರಳಿದರು. ಆ ವರ್ಷವೇ ಮ್ಯಾಡ್ರಿಡ್‌ನಲ್ಲಿ ಸ್ಪೇನ್ 4-3ರಿಂದ ಇಂಗ್ಲೆಂಡನ್ನು ಸೋಲಿಸಿತು. ಬ್ರಿಟನ್, ಐರ್ಲೆಂಡ್‌ಗಳ ಆಚೆಯ ತಂಡಕ್ಕೆ ಇಂಗ್ಲೆಂಡ್ ಸೋತದ್ದು ಅದೇ ಮೊದಲು. ಸ್ಪೇನ್ ತಂಡವನ್ನು ಅಣಿಗೊಳಿಸಲು ನೆರವಾದವರು ಇದೇ ಪೆಂಟ್‌ಲ್ಯಾಂಡ್. ಮುಂದಿನ ಲೀಗ್‌ನ 18 ಪಂದ್ಯಗಳಲ್ಲಿ ಅಥ್ಲೆಟಿಕ್ ಒಂದನ್ನೂ ಸೋಲಲಿಲ್ಲ. 1931ರ ಫೆಬ್ರವರಿಯಲ್ಲಿ ಬಾರ್ಸಿಲೋನಾವನ್ನು 12-1ರಿಂದ ಮಣಿಸಿತು. ಬಾರ್ಸಿಲೋನಾಗೆ ಅಂಥ ಸೋಲು ಇಂದಿಗೂ ಇನ್ನೊಂದಿಲ್ಲ.

ತಲೆಯ ಮೇಲಿನ ದುಂಡು ಬೌಲರ್ ಹ್ಯಾಟಿನಿಂದಾಗಿ ಊರವರು ಅವರನ್ನು 'ಎಲ್ ಬೊಂಬಿನ್' ಎಂದೇ ಕರೆಯುತ್ತಿದ್ದರು. ದೊಡ್ಡ ಪಂದ್ಯ ಗೆದ್ದೊಡನೆ ಹುಡುಗರು ಆ ಹ್ಯಾಟನ್ನು ಕಿತ್ತುಕೊಂಡು, ಕಾಲಡಿ ಹಾಕಿ ತುಳಿದು ಕುಣಿಯುತ್ತಿದ್ದರು. ಮೇಷ್ಟರು ಮತ್ತೊಂದು ಹ್ಯಾಟು ಕೊಳ್ಳುತ್ತಿದ್ದರು. ಶಿಷ್ಯರಿಗೆ ಇಷ್ಟು ಸಲಿಗೆ ಕೊಟ್ಟ ಗುರುವಿನ ಮೇಲೆ ನನಗೆ ಬಹಳ ಪ್ರೀತಿ.

1936ರಲ್ಲಿ ಅಂತರ್ಯುದ್ಧ ಅವರನ್ನು ಸ್ಪೇನಿನಿಂದ ಹೊರಡಿಸಿತು. ಆದರೆ 1959ರಲ್ಲಿ ಬಿಲ್ಬಾವೊದವರು ಅವರನ್ನು ಕರೆಸಿ, ಚೆಲ್ಸಿ ತಂಡದೊಂದಿಗೆ ಗೌರವ ಪಂದ್ಯ ಆಡಿಸಿದರು. 1962ರಲ್ಲಿ ಅವರು ತೀರಿಕೊಂಡಾಗ ಅದೇ ತಂಡದ ಸಾನ್ ಮಾಮೆಸ್ ಮೈದಾನದಲ್ಲಿ ಅವರಿಗಾಗಿ ಪ್ರಾರ್ಥನೆ ನಡೆಯಿತು.

ಒಂದನೇ ತರಗತಿಯಲ್ಲಿ ಲೇಸು ಬಿಚ್ಚಿ ಬಿದ್ದು, ಮೊಣಕಾಲು ತರಚಿಕೊಂಡು ಬಂದಿದ್ದೆ. ಅಂದು ಸಂಜೆ ಹೊಸ್ತಿಲ ಮೇಲೆ ಕೂತು ಕತ್ತಲಾಗುವವರೆಗೆ ಗಂಟು ಹಾಕಿ, ಬಿಚ್ಚಿ, ಮತ್ತೆ ಹಾಕಿ ಕಲಿತೆ. ಊಟಕ್ಕೆ ಕರೆದರೂ ಏಳಲಿಲ್ಲ ನೀನು. ಆ ಮಕ್ಕಳಿಗೂ ಅಷ್ಟು ಹೊತ್ತು ಕೊಡು, ಪುಟ್ಟಿ.

ಸೋಮವಾರ ಕೊರಿಯರ್‌ನಲ್ಲಿ ಎರಡು ಡಜನ್ ಲೇಸು ಕಳುಹಿಸುತ್ತೇನೆ. ಹತ್ತಿಯವನ್ನೇ ಆರಿಸಿದ್ದೇನೆ, ನೈಲಾನಿನ ಗಂಟು ಜಾರುತ್ತದೆ.

ನಿನ್ನ
ಅಮ್ಮ