ಕ್ಷಯದ ಔಷಧದ ಜೊತೆಗಿನ ಚಿಕ್ಕ ಗುಳಿಗೆ

ಮಾನ್ಯರೆ,

31 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ನಿಂತವನು ನಾನು. ಕ್ಷಯರೋಗಿಗಳಿಗೆ ದೊಡ್ಡ ಮಾತ್ರೆಗಳ ಜೊತೆ ಪಿರಿಡಾಕ್ಸಿನ್, ಅಂದರೆ ಬಿ6 ವಿಟಮಿನ್ನಿನ ಚಿಕ್ಕ ಗುಳಿಗೆಯನ್ನೂ ಕೊಡುತ್ತಿದ್ದೆ. ಕಳೆದ ವಾರ ನಮ್ಮ ಬೀದಿಯ ಮನೆಯೊಂದರಲ್ಲಿ ಅದರ 4 ಸ್ಟ್ರಿಪ್‌ಗಳು ಸಾಸಿವೆ ಡಬ್ಬಿಯ ಪಕ್ಕ ಹಾಗೆಯೇ ಬಿದ್ದಿದ್ದವು. ‘ಅದು ಬರೀ ಶಕ್ತಿ ಮಾತ್ರೆ ಅಲ್ಲವೇ ಅಣ್ಣಾ’ ಎಂದರು ತಾಯಿ. ಮಗ ಅಂಗಾಲು ಉರಿಯೆಂದು ರಾತ್ರಿಯೆಲ್ಲ ಒದ್ದೆ ಬಟ್ಟೆ ಸುತ್ತಿಕೊಂಡು ಮಲಗುತ್ತಾನಂತೆ.

ಕ್ಷಯದ ಔಷಧಗಳಲ್ಲಿ ಒಂದಾದ ಐಸೊನಿಯಜಿಡ್ ದೇಹದ ಬಿ6 ಅನ್ನು ಹಿಡಿದು ಮೂತ್ರದಲ್ಲಿ ಹೊರಗೆ ಹಾಕಿಸುತ್ತದೆ. ಕೈಕಾಲು ಜೋಮು, ಉರಿ ಅದರ ಮೊದಲ ಸೂಚನೆ. ಮಿದುಳಿಗೂ ಈ ವಿಟಮಿನ್ ಬೇಕೇ ಬೇಕು. ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್‌ನಿಂದ ಇಂಗಾಲದ ಡೈಆಕ್ಸೈಡನ್ನು ಕಳಚಿದರೆ ಸಿಗುವುದೇ ಗಾಬಾ, ಕೆರಳಿದ ಕೋಶವನ್ನು ಸುಮ್ಮನಿರಿಸುವ ರಾಸಾಯನಿಕ. ಕಳಚುವ ಕಿಣ್ವ ಬಿ6 ಇಲ್ಲದೆ ಕೆಲಸ ಮಾಡದು. ತಯಾರಾದ ಗಾಬಾವನ್ನು ನರದ ತುದಿಯಲ್ಲಿ, ಮಿಲಿಮೀಟರಿನ ಸುಮಾರು 25 ಸಾವಿರದ ಒಂದು ಪಾಲಿನಷ್ಟು ಅಗಲದ ಚೀಲಗಳಲ್ಲಿ ತುಂಬಿಡಬೇಕು. ಚೀಲದ ಗೋಡೆಯ ಪಂಪೊಂದು ಪ್ರೋಟಾನುಗಳನ್ನು ಒಳಗೆ ನೂಕುತ್ತದೆ. ಅವು ಹೊರಬರುವ ಒತ್ತಡವನ್ನೇ ಬಳಸಿಕೊಂಡು ವಿಗ್ಯಾಟ್ ಎಂಬ ಪ್ರೋಟೀನು ಗಾಬಾವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಷ್ಟು ಅಚ್ಚುಕಟ್ಟು! ಆದರೆ ತುಂಬಲು ಸರಕೇ ಇಲ್ಲದಿದ್ದರೆ ಚೀಲ ಇದ್ದೇನು ಪ್ರಯೋಜನ?

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಜ್ಜನ ಕ್ಷಯದ ಮಾತ್ರೆಗಳನ್ನು ನುಂಗಿದ 3 ವರ್ಷದ ಮಗುವಿಗೆ ಒಂದರ ಹಿಂದೆ ಒಂದು ಫಿಟ್ಸ್. ಡಯಾಜೆಪಾಮ್ ಇಂಜೆಕ್ಷನ್ ಕೊಟ್ಟರೂ ನಿಲ್ಲಲಿಲ್ಲ. ಅದು ಇರುವ ಗಾಬಾದ ಬಲವನ್ನು ಹೆಚ್ಚಿಸೀತೇ ಹೊರತು ಇಲ್ಲದ್ದನ್ನು ತಯಾರಿಸದು. ವೈದ್ಯರು ಪಿರಿಡಾಕ್ಸಿನ್ ಕೇಳಿದರು. ಕಪಾಟಿನ ಮೂಲೆಯಲ್ಲಿದ್ದ ಆಂಪೂಲುಗಳನ್ನು ಎತ್ತಿಕೊಂಡು ಓಡಿದೆ. ಸ್ವಲ್ಪ ಹೊತ್ತಿಗೆ ಮಗುವಿನ ಬಿಗಿದ ಮುಷ್ಟಿ ಸಡಿಲವಾಯಿತು. ಆ ಪುಟ್ಟ ಬೆರಳುಗಳನ್ನು ಇಂದಿಗೂ ಮರೆತಿಲ್ಲ.

ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳುವವರಿಗೆ ಹೀಗಾಗುವುದು ತೀರಾ ಅಪರೂಪ, ಹೆದರಬೇಕಿಲ್ಲ. ಕಾಲು ಉರಿಯೆಂದು ಕ್ಷಯದ ಔಷಧವನ್ನೇ ಬಿಡುವುದಂತೂ ಸಲ್ಲದು, ವೈದ್ಯರಿಗೆ ತಿಳಿಸಬೇಕು. ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಔಷಧ ವಿತರಿಸುವ ಸಿಬ್ಬಂದಿಗೆ ನನ್ನ ಕೋರಿಕೆ ಒಂದೇ: ಆ ಚಿಕ್ಕ ಗುಳಿಗೆಯ ಲಕೋಟೆಯ ಮೇಲೆ ‘ಇದು ನರಗಳಿಗೆ, ಬಿಡಬೇಡಿ’ ಎಂದು ಕನ್ನಡದಲ್ಲಿ ಬರೆದುಕೊಡಿ.

– ನಿವೃತ್ತ ಫಾರ್ಮಸಿಸ್ಟ್, ತುಮಕೂರು