ಏಲಕ್ಕಿ ಹೆಸರಲ್ಲಿ ನಮ್ಮ ಮಕ್ಕಳಿಗೆ ಮಾರುತ್ತಿರುವುದು ಏನನ್ನು?

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಲ್ಲಿ ಪಾನ್ ಮಸಾಲಾ ಜಾಹೀರಾತಿನ ಮಾತು ಅರ್ಧಕ್ಕೇ ನಿಂತಿತು. "ಜಾಹೀರಾತು ನಿಲ್ಲಿಸಿದ್ರೆ ಹುಡುಗರು ತಿನ್ನೋದು ಬಿಡ್ತಾರೇನೋ? ಅದು ಅಪ್ಪ ಅಮ್ಮ ನೋಡ್ಕೋಬೇಕಾದ್ದು" ಅಂದೆ ನೀನು. ಅದು ಮನಸ್ಸಲ್ಲೇ ಉಳಿದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಐಪಿಎಲ್ ನೋಡುತ್ತಾ ಕೂತಿದ್ದ ನನ್ನ ಮಗ ಏಲಕ್ಕಿಯ ಜಾಹೀರಾತೊಂದನ್ನು ಹಿಂದಿಯಲ್ಲೇ, ಒಂದಕ್ಷರ ತಪ್ಪದೆ ಒಪ್ಪಿಸಿದ. ಏಳನೇ ಕ್ಲಾಸು ಅವನು, ಹಿಂದಿ ಬಾರದು. ಮರುದಿನ ಬಸ್ ಸ್ಟ್ಯಾಂಡಿನ ಗೂಡಂಗಡಿಯಲ್ಲಿ ಸರದ ಹಾಗೆ ನೇತುಬಿಟ್ಟಿದ್ದ ಪ್ಯಾಕೆಟ್ ತೋರಿಸಿ, "ಅಪ್ಪಾ, ಅದೇ ಇದು" ಅಂದ. ಹೆಸರು ಅದೇ, ಬಣ್ಣ ಅದೇ. ಒಳಗಿದ್ದದ್ದು ಪಾನ್ ಮಸಾಲಾ. ಪಕ್ಕದಲ್ಲೇ ಅದಕ್ಕೆ ಬೆರೆಸಿಕೊಳ್ಳುವ ತಂಬಾಕಿನ ಸಣ್ಣ ಪ್ಯಾಕೆಟ್. ಏಲಕ್ಕಿ ಆ ಅಂಗಡಿಯಲ್ಲಿ ಎಲ್ಲೂ ಇರಲಿಲ್ಲ.

ಕಾನೂನಿಗೇನೂ ಬರವಿಲ್ಲ. ತಂಬಾಕಿನ ಜಾಹೀರಾತಿಗೆ 2003ರ ಕಾಯ್ದೆಯಲ್ಲೇ ತಡೆಯಿದೆ. 2013ರಲ್ಲಿ ನಮ್ಮ ರಾಜ್ಯ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲಾ ಬೇರೆ, ತಂಬಾಕು ಬೇರೆ ಮಾಡಿ ಒಂದು ಪ್ಯಾಕೆಟ್ಟು ಎರಡಾಯಿತು, ಅಷ್ಟೆ. ಜಾಹೀರಾತು ಕೊಡಬಾರದ ವಸ್ತುವಿಗೆ ಬೇರೆ ವಸ್ತುವಿನ ನೆಪದಲ್ಲೂ ಜಾಹೀರಾತು ಕೊಡಬಾರದೆಂದು 2022ರಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ನಿಯಮ ಮಾಡಿತು. ಆದರೂ ಏಲಕ್ಕಿ ನಮ್ಮ ಮನೆಯ ಟಿವಿಗೆ ಬಂದೇ ಬಂತು.

ನೀನು ತೋಟದವನು. ಪಾನ್ ಮಸಾಲಾಕ್ಕೆ ಏಟು ಬಿದ್ದರೆ ಅಡಿಕೆ ದರಕ್ಕೂ ಬೀಳುತ್ತದೆ ಎಂಬ ನಿನ್ನ ಭಯ ಸುಳ್ಳಲ್ಲ. ನಿನ್ನ ಮಗಳ ಕಾಲೇಜು ಫೀಸು ಆ ಮರಗಳಿಂದಲೇ ಬರಬೇಕು, ಗೊತ್ತು. ಆದರೆ ನಮ್ಮ ಜೊತೆ ಕಬಡ್ಡಿ ಆಡುತ್ತಿದ್ದವನನ್ನು ನೆನಪು ಮಾಡಿಕೋ. ಕೆನ್ನೆಯ ಒಳಭಾಗ ಬಿರುಸಾಗಿ, ಈಗ ಅವನ ಬಾಯಲ್ಲಿ ಎರಡು ಬೆರಳೂ ಹಿಡಿಯುವುದಿಲ್ಲ. ಅನ್ನವನ್ನು ಗಂಜಿ ಮಾಡಿಯೇ ಕೊಡಬೇಕು. ತಂಬಾಕಿಲ್ಲದೆ ಬರೀ ಅಡಿಕೆ ಜಗಿದರೂ ಆ ಕಾಯಿಲೆ ಬರುತ್ತದೆ ಅಂದರು ಡಾಕ್ಟರು. ಅವನು ಶುರು ಮಾಡಿದ್ದು ಹೈಸ್ಕೂಲಿನಲ್ಲಿ, ನಮ್ಮ ಕಣ್ಣೆದುರೇ.

ಅಪ್ಪ ಅಮ್ಮ ನೋಡಿಕೊಳ್ಳಬೇಕು, ನಿಜ. ನಾನು ಒಂದು ಸಲ "ಬೇಡ" ಅಂದರೆ, ನನ್ನ ಮಗನ ಮೆಚ್ಚಿನ ಸಿನಿಮಾ ನಟ ಒಂದೇ ಮ್ಯಾಚಿನಲ್ಲಿ ಮತ್ತೆ ಮತ್ತೆ "ಬಾ" ಅನ್ನುತ್ತಾನೆ. ನಮ್ಮಲ್ಲೀಗ 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಮಾರಬಾರದು ಅಂದಮೇಲೆ ಕರೆಯಲೂಬಾರದು ತಾನೇ? ಪಾನ್ ಮಸಾಲಾ ಪ್ಯಾಕೆಟ್ಟಿನ ಮೇಲಿರುವ ಹೆಸರು ಏಲಕ್ಕಿಗಾಗಲಿ, ನೀರಿನ ಬಾಟಲಿಗಾಗಲಿ, ಯಾವ ಜಾಹೀರಾತಿನಲ್ಲೂ ಬರಕೂಡದು. ನಾನು ಕೇಳುತ್ತಿರುವುದು ಇಷ್ಟೇ.

ಮಳೆ ಹಿಡಿಯುವ ಮೊದಲು ಮಗನನ್ನೂ ಕರೆದುಕೊಂಡು ತೋಟಕ್ಕೆ ಬರುತ್ತೇನೆ. ಆ ಪ್ಯಾಕೆಟ್ಟಿನ ಬಗ್ಗೆ ನೀನೇ ಅವನಿಗೆ ಹೇಳು. ಅಡಿಕೆ ಬೆಳೆಯುವವನ ಬಾಯಿಂದ ಬಂದರೆ ಅವನು ನಂಬುತ್ತಾನೆ.

ನಿನ್ನವ